ಮನೆವಾರ್ತೆ: ಕರೆಯದೆ ಬರುವ ನೆಂಟರು

ಘಟ್ಟದ ಮೇಲಣ ಒಂದು ಹಳ್ಳಿಯ ಗೃಹಿಣಿಯೊಬ್ಬರು ನಮಗೆ ದೀರ್ಘವಾದ ಪತ್ರವೊಂದನ್ನು ಬರೆದಿರುವರು. ಮನೆಯ ಮುಂದೆ ಅಡಕೆಯ ತೋಟ, ಹಿಂದೆ ದನಗಳ ಕೊಟ್ಟಿಗೆ, ಕೊಟ್ಟಿಗೆಯಿಂದಾಚೆಗೆ ಸೊಪ್ಪಿನ ಬೆಟ್ಟ. ಮಲೆನಾಡಿನ ಮನೆಯೆಂದರೆ ಹೀಗೆಯೇ ಅಲ್ಲವೆ? ಮಳೆಗಾಲದಲ್ಲಿ ಉಂಬಳ, ಮಳೆ ಬಿಟ್ಟ ಮೇಲೆ ಉಣುಗು, ವರುಷವಿಡೀ ಇಲಿ ಹೆಗ್ಗಣ, ಗೋಡೆಗೆ ಒರಲೆ, ಅಕ್ಕಿಗೆ ಹುಳು, ಮಾವಿನ ಮರಕ್ಕೆ ಚಗಳಿ ಎಂದು ಉದ್ದವಾದ ಪಟ್ಟಿಯನ್ನೇ ಕೊಟ್ಟು, ಇವೆಲ್ಲವೂ ಒಮ್ಮೆಗೇ ತೊಲಗುವಂತಹ ಪುಡಿಯಾಗಲಿ ಎಣ್ಣೆಯಾಗಲಿ ಇದ್ದರೆ ತಿಳಿಸಬೇಕೆಂದು ಕೇಳಿರುವರು. ಅಂತಹ ಪುಡಿಯಿಲ್ಲವೆಂಬುದನ್ನು ಮೊದಲಿಗೇ ಹೇಳಿಬಿಡುವೆವು. ಇದ್ದಿದ್ದರೂ ಬೇಡವೆನ್ನುತ್ತಿದ್ದೆವು. ಏಕೆಂದರೆ ಈ ಪಟ್ಟಿಯಲ್ಲಿರುವ ಕೆಲವು ನಮಗೆ ಶತ್ರುಗಳೇ ಅಲ್ಲ. ಕೆಲವು ಬರಿಯ ಉಪದ್ರವಗಳು. ಒಂದೆರಡು ಮಾತ್ರ ಪ್ರಾಣಕ್ಕೆ ಎರವಾಗಬಲ್ಲುವು. ಅವುಗಳಲ್ಲಿ ಎಲ್ಲಕ್ಕಿಂತ ಭಯಂಕರವಾದುದನ್ನು ಈ ಸೋದರಿಯು ಒಂದೇ ಮಾತಿನಲ್ಲಿ ಮುಗಿಸಿ, ಉಂಬಳದ ವರ್ಣನೆಗೆ ಒಂದು ಪುಟವನ್ನು ಮೀಸಲಿಟ್ಟಿರುವುದರಿಂದ, ನಾವು ಅವರ ಕ್ರಮವನ್ನು ತಲೆಕೆಳಗು ಮಾಡಬೇಕಾಗಿದೆ.

ಉಂಬಳವು ನೋಡಲು ಅಸಹ್ಯವೇ ಹೊರತು ಅಷ್ಟೇನೂ ಅಪಾಯಕಾರಿಯಲ್ಲ. ಅದರ ಜೊಲ್ಲಿನಲ್ಲಿ ರಕ್ತವು ಹೆಪ್ಪುಗಟ್ಟದಂತೆ ತಡೆಯುವ ವಸ್ತುವೊಂದಿರುವುದರಿಂದ, ಅದು ಉದುರಿಹೋದ ಮೇಲೂ ರಕ್ತ ಒಸರುತ್ತಿರುವುದು. ಇದನ್ನು ಕಂಡು ಹೆದರಬೇಕಾದುದಿಲ್ಲ. ಉಗುರಿನಿಂದ ಅದರ ಬಾಯನ್ನು ಮೆಲ್ಲಗೆ ಜಾರಿಸಿ ಬಿಡಿಸಿ, ಸೋಪುನೀರಿನಿಂದ ತೊಳೆದು, ಶುದ್ಧವಾದ ಬಟ್ಟೆಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಸಾಕು. ಸುಣ್ಣ ಹೊಗೆಸೊಪ್ಪುಗಳ ಗಂಟನ್ನು ಕೋಲಿನ ತುದಿಗೆ ಕಟ್ಟಿಕೊಂಡು ತೋಟಕ್ಕೆ ಹೋಗುವ ಹಿರಿಯರ ಪದ್ಧತಿ ಒಳ್ಳೆಯದೇ. ಕೆರೆದು ಹುಣ್ಣು ಮಾಡಿಕೊಳ್ಳುವುದು ಮಾತ್ರ ಕೂಡದು.

ಇನ್ನು ಉಣುಗು. ದೀಪಾವಳಿ ಕಳೆದು, ಇಬ್ಬನಿ ಬೀಳತೊಡಗಿ, ಕಾಡಿನಲ್ಲಿ ಎಲೆಯುದುರುವ ಕಾಲಕ್ಕೆ ಸರಿಯಾಗಿ, ಎಳ್ಳುಕಾಳಿಗಿಂತ ದೊಡ್ಡದಲ್ಲದ ಮರಿ ಉಣುಗುಗಳು ತರಗೆಲೆಗಳ ಮೇಲೂ ಹುಲ್ಲಿನ ತುದಿಗಳಲ್ಲಿಯೂ ಕಾದುಕೊಂಡಿರುವುವು. ಇದೇ ಕಾಲದಲ್ಲಿ ನಮ್ಮ ಜನರು ಕೊಟ್ಟಿಗೆಗೆ ಹಾಸುವುದಕ್ಕೂ ಗೊಬ್ಬರಕ್ಕೂ ಕಾಡಿನಿಂದ ತರಗು ಗುಡಿಸಿ ತರುವರು. ಹೊರೆಯನ್ನು ಹೊತ್ತವರ ಕೊರಳು ತೋಳುಗಳಿಗೆ ಉಣುಗು ಏರುವುದಲ್ಲದೆ, ಹೊರೆಯೊಡನೆ ಅದು ಮನೆಯ ಹಿತ್ತಿಲಿಗೂ ಬಂದು ಸೇರುವುದು. ಕಾಡಿನಲ್ಲಿದ್ದ ವಿಪತ್ತನ್ನು ನಾವೇ ತಲೆಯ ಮೇಲೆ ಹೊತ್ತು ಮನೆಗೆ ತಂದುಕೊಂಡಂತೆ ಇದು.

ವಿಪತ್ತೆಂದುದು ಅತಿಶಯೋಕ್ತಿಯಲ್ಲ. 1957ನೆಯ ಇಸವಿಯಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸುವಗಳೂ ಒಂದರ ಹಿಂದೊಂದು ಸತ್ತುಬಿದ್ದುವು. ಸುತ್ತಣ ಹಳ್ಳಿಗಳ ಜನರಲ್ಲಿ ಹಿಂದೆಂದೂ ಕಾಣದ ವಿಷಮ ಜ್ವರವು ಹಬ್ಬಿತು. ಪರೀಕ್ಷಿಸಿ ನೋಡಲಾಗಿ, ಅದು ಉಣುಗಿನ ಮೂಲಕ ಹರಡುವ ಹೊಸದೊಂದು ವೈರಾಣುವಿನ ಕೆಲಸವೆಂದು ತಿಳಿಯಬಂದಿತು. ಶಾಸ್ತ್ರಜ್ಞರು ಅದಕ್ಕೆ ಕ್ಯಾಸನೂರು ಕಾಡಿನ ರೋಗವೆಂದು ಹೆಸರಿಟ್ಟರು. ಜನರು ಮಂಗನ ಕಾಯಿಲೆಯೆಂದರು. ಬಹುಕಾಲ ಅದು ನಮ್ಮ ಮಲೆನಾಡಿನ ಕೆಲವು ತಾಲ್ಲೂಕುಗಳಲ್ಲಿಯೇ ಇದ್ದು, 2012ರಿಂದೀಚೆಗೆ ಕೇರಳ, ಗೋವ, ಮಹಾರಾಷ್ಟ್ರಗಳ ಘಟ್ಟಪ್ರದೇಶಗಳಲ್ಲಿಯೂ ಕಾಣಿಸಿಕೊಂಡಿದೆ. 2019ರ ಆದಿಭಾಗದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸೀಮೆಯಲ್ಲಿ ಅದು ಅನೇಕ ಮನೆಗಳ ದೀಪವನ್ನು ಆರಿಸಿದುದು ಓದುಗರ ನೆನಪಿನಲ್ಲಿದ್ದೀತು. ರೋಗ ತಗಲಿದ 100 ಮಂದಿಯಲ್ಲಿ 3ರಿಂದ 5 ಮಂದಿ ತೀರಿಕೊಳ್ಳುವರೆಂಬುದು ವೈದ್ಯರ ಲೆಕ್ಕ.

ಕಾಯಿಲೆಯ ಹೆಸರಿನಿಂದ ಮಂಗಗಳಿಗೆ ಅನ್ಯಾಯವಾಗಿದೆಯೆಂದು ನಮ್ಮ ಅಭಿಪ್ರಾಯ. ಮಂಗವು ಈ ರೋಗವನ್ನು ನಮಗೆ ನೇರವಾಗಿ ಕೊಡುವುದಿಲ್ಲ. ನಮ್ಮಂತೆಯೇ ಅದೂ ಉಣುಗು ಕಚ್ಚಿ ಸಾಯುವ ಪ್ರಾಣಿ. ಈ ಜಾತಿಯ ಉಣುಗು ತನ್ನ ಜೀವಮಾನದಲ್ಲಿ ಮೂರು ಬಾರಿ ರಕ್ತ ಕುಡಿಯುವುದು, ಮೂರು ಬಾರಿಯೂ ಬೇರೆ ಬೇರೆ ಪ್ರಾಣಿಯಿಂದ. ಮೊಟ್ಟೆಯೊಡೆದು ಬಂದ ಮರಿಯು ಕಾಡಿಲಿಗಳನ್ನೂ ನೆಲದ ಹಕ್ಕಿಗಳನ್ನೂ ಹಿಡಿಯುವುದು. ಒಮ್ಮೆ ಪೊರೆ ಕಳಚಿದ ಮೇಲೆ ಮಂಗವನ್ನೂ ಮನುಷ್ಯನನ್ನೂ ಹತ್ತುವುದು. ಪೂರ್ಣವಾಗಿ ಬೆಳೆದ ಮೇಲೆ ದನ ಎಮ್ಮೆಗಳಂತಹ ದೊಡ್ಡ ಪ್ರಾಣಿಗಳಿಂದ ಹೊಟ್ಟೆ ತುಂಬಿಸಿಕೊಂಡು, ನೆಲಕ್ಕೆ ಬಿದ್ದು ಸಾವಿರಗಟ್ಟಲೆ ಮೊಟ್ಟೆಯಿಡುವುದು. ಮಂಗ ಸತ್ತಾಗ ಅದರ ಮೈಮೇಲಣ ಉಣುಗುಗಳೆಲ್ಲ ಉದುರಿ, ಮತ್ತೊಂದು ಪ್ರಾಣಿಯನ್ನು ಅರಸುತ್ತ ಅಲ್ಲಿಯೇ ಸುತ್ತಮುತ್ತ ಇರುವುವು. ಆದುದರಿಂದ ಸತ್ತ ಮಂಗವನ್ನು ಕಂಡವರು ಕರುಣೆಯಿಂದಲೋ ಕುತೂಹಲದಿಂದಲೋ ಹತ್ತಿರ ಹೋಗದೆ, ಮುಟ್ಟದೆ, ಕೂಡಲೇ ಸಮೀಪದ ಆರೋಗ್ಯ ಕೇಂದ್ರಕ್ಕೆ ಸುದ್ದಿ ಕೊಡತಕ್ಕದ್ದು. ಮಂಗಗಳ ಸಾವು ನಮಗೆ ಮುಂದಾಗಿ ಬರುವ ಎಚ್ಚರಿಕೆಯ ಓಲೆ.

ಹಾಗಾದರೆ ಏನು ಮಾಡಬೇಕು? ನವೆಂಬರಿನಿಂದ ಮೊದಲ ಮಳೆ ಬೀಳುವ ತನಕ ಕಾಡಿನ ತರಗನ್ನು ಮನೆಯ ಬಳಿಗೆ ತರದಿರುವುದು ಮೊದಲನೆಯ ಮಾತು. ಹಾಸಲಿಗೆ ಹುಲ್ಲೋ ತೋಟದ ಅಡಕೆ ಸೋಗೆಯೋ ಆದೀತು. ತೀರ ಅನಿವಾರ್ಯವಾಗಿ ಕಾಡಿಗೆ ಹೋಗಬೇಕಾದವರು ಮೈತುಂಬ ಬಟ್ಟೆ ತೊಟ್ಟು, ಷರಾಯಿಯ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಆರೋಗ್ಯ ಇಲಾಖೆಯವರು ಹಂಚುವ ಡೆಪಾ ತೈಲವನ್ನು ತೆರೆದ ಕೈಕಾಲುಗಳಿಗೆ ಹಚ್ಚಿಕೊಳ್ಳತಕ್ಕದ್ದು. ಮನೆಗೆ ಬಂದೊಡನೆ ಜಗಲಿಯಲ್ಲಿ ಕುಳಿತು ಎಲೆ ಹಾಕುವುದಕ್ಕೆ ಮುಂಚೆ, ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪಿನಿಂದ ಮೈಯುಜ್ಜಿ ಸ್ನಾನ ಮಾಡಬೇಕು. ಬಚ್ಚಲ ಹಂಡೆಯಲ್ಲಿ ಸದಾ ಬಿಸಿನೀರಿರುವ ಮಲೆನಾಡಿನಲ್ಲಿ ಇದು ಕಷ್ಟವಲ್ಲ. ಕಿವಿಯ ಹಿಂದೆ, ಕಂಕುಳು, ಸೊಂಟ, ಮೊಣಕಾಲ ಸಂದು ಇವುಗಳನ್ನು ಮನೆಯವರಿಂದ ನೋಡಿಸಿಕೊಳ್ಳಬೇಕು. ಕಚ್ಚಿಕೊಂಡಿರುವ ಉಣುಗನ್ನು ಸಣ್ಣ ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೆಟ್ಟಗೆ ಎಳೆದು ತೆಗೆಯುವುದು. ಬೆರಳುಗಳ ನಡುವೆ ಹಿಸುಕುವುದು ಸರ್ವಥಾ ಕೂಡದು. ದನಗಳ ಮೈಯ ಉಣುಗಿಗೆ ಪಶುವೈದ್ಯರು ಕೊಡುವ ಔಷಧಿಯುಂಟು. ದನಗಳಿಗೆ ಈ ಜ್ವರ ಬಾರದೆಂಬುದು ನಿಜ; ಆದರೆ ಅವುಗಳ ರಕ್ತವೇ ಉಣುಗಿನ ಸಂತಾನವನ್ನು ಬೆಳೆಸುವುದು.

ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಚಳಿಯೊಡನೆ ಒಮ್ಮೆಲೆ ಏರುವ ಜ್ವರ, ಹಣೆ ಸಿಡಿಯುವಂತಹ ತಲೆನೋವು, ಸೊಂಟ ಮೀನಖಂಡಗಳ ವಿಪರೀತ ನೋವು, ವಾಂತಿ, ಕೆಲವರಿಗೆ ಮೂಗು ವಸಡುಗಳಿಂದ ರಕ್ತ, ಇವು ಲಕ್ಷಣಗಳು. ಜ್ವರ ಬಿಟ್ಟು ಒಂದೆರಡು ವಾರ ಸುಖವಾಗಿದ್ದು ಮತ್ತೆ ಮರುಕಳಿಸುವುದೂ ಉಂಟು. ಈ ವೈರಾಣುವನ್ನೇ ಕೊಲ್ಲುವ ಔಷಧವಿಲ್ಲ. ಆದರೆ ಬೇಗನೆ ಆಸ್ಪತ್ರೆ ಸೇರಿ ಶುಶ್ರೂಷೆ ಪಡೆದವರು ಬಹುಮಟ್ಟಿಗೆ ಗುಣವಾಗುವರು. ಅಂಗಡಿಯ ನೋವಿನ ಗುಳಿಗೆಗಳನ್ನು ತಾವೇ ತಂದು ನುಂಗುವುದು ಅಪಾಯ. ಕೆಲವು ಗುಳಿಗೆಗಳು ರಕ್ತಸ್ರಾವವನ್ನು ಹೆಚ್ಚಿಸುವುವು. ಲಸಿಕೆ ಹಾಕಿಸಿಕೊಂಡಿದ್ದೇವೆಂದು ನಿಶ್ಚಿಂತರಾಗಿರುವವರಿಗೂ ಒಂದು ಮಾತು: ಬಹುಕಾಲ ಬಳಕೆಯಲ್ಲಿದ್ದ ಆ ಹಳೆಯ ಲಸಿಕೆಯಿಂದ ಸಾಕಷ್ಟು ರಕ್ಷಣೆ ದೊರೆಯುತ್ತಿರಲಿಲ್ಲವಾಗಿ 2022ರಲ್ಲಿ ಅದನ್ನು ನಿಲ್ಲಿಸಿದರು. ಒಬ್ಬರಿಂದ ಒಬ್ಬರಿಗೆ ಈ ರೋಗ ಅಂಟುವುದಿಲ್ಲವಾದುದರಿಂದ ರೋಗಿಯನ್ನು ದೂರವಿಡಬೇಕಾದ ಕಾರಣವೂ ಇಲ್ಲ.

ಇಲಿ ಹೆಗ್ಗಣಗಳ ವಿಷಯದಲ್ಲಿ ನಮಗೆ ಇಲಿಗಿಂತಲೂ ಇಲಿಪಾಷಾಣದ ಭಯವೇ ಹೆಚ್ಚು. ಇಲಿಯ ಮೂತ್ರ ಬೆರೆತ ಕೆಸರುನೀರಿನಲ್ಲಿ ಒಡೆದ ಹಿಮ್ಮಡಿಯಿಂದ ಓಡಾಡಿದವರಿಗೆ ಇಲಿಜ್ವರ ಬರುವುದುಂಟು. ನಾಟಿಯ ಕಾಲದ ಜ್ವರವನ್ನು ಮಳೆಯ ಜ್ವರವೆಂದು ತಳ್ಳಿಬಿಡದೆ ವೈದ್ಯರಿಗೆ ತೋರಿಸಿದರೆ ಅದಕ್ಕೆ ಗುಣಕಾರಿಯಾದ ಔಷಧಗಳುಂಟು. ಆದರೆ ಇಲಿಯನ್ನು ಕೊಲ್ಲಲೆಂದು ತಂದ ರಂಜಕದ ಮುಲಾಮು ಮಕ್ಕಳ ಕೈಗೆ ಸಿಕ್ಕಿದರೆ? ಅದು ಹೊಟ್ಟೆಗೆ ಸೇರಿದ ಮೊದಲ ದಿನ ಮಗು ಆಡಿಕೊಂಡಿದ್ದು, ಆಮೇಲೆ ಪಿತ್ತಕೋಶ ಕೆಡುವುದು. ಕಾಳಿನ ಮೂಟೆಗಳ ನಡುವೆ ಇಡುವ ಗುಳಿಗೆಗಳಂತೂ ಗಾಳಿಯ ತೇವ ತಗಲಿದೊಡನೆ ವಿಷವಾಯುವನ್ನು ಬಿಡುವುವು. ಜನರು ಮಲಗುವ ಕೋಣೆಯಲ್ಲಿ ಅವನ್ನು ಇಡುವುದೆಂದರೆ ಆತ್ಮಹತ್ಯೆಗೆ ಸಮಾನ. ಬೋನು ಸಾಕು. ಕಿರುಬೆರಳು ತೂರುವ ಸಂದಿನಲ್ಲಿ ಇಲಿ ನುಗ್ಗುವುದಾದುದರಿಂದ ಸಂದುಗಳನ್ನು ಗಾರೆಯಿಂದ ಮುಚ್ಚಬೇಕು. ಪಣತದ ಕಂಬಗಳಿಗೆ ನುಣುಪಾದ ತಗಡನ್ನು ಸುತ್ತಿದರೆ ಅದು ಏರಲಾರದು. ಹಿತ್ತಿಲಲ್ಲಿ ಕೇರೆಹಾವು ಕಂಡರೆ ಕೋಲು ಹುಡುಕಬೇಡಿರಿ. ಅದಕ್ಕೆ ವಿಷವಿಲ್ಲ, ಇಲಿಯೇ ಅದರ ಊಟ. ಗೂಬೆಯೂ ಹಾಗೆಯೇ. ರಾತ್ರಿಯೆಲ್ಲ ನಮ್ಮ ಕಾಳು ಕಾಯುವ ಬಡಪಕ್ಷಿಗೆ ಅಪಶಕುನದ ಪಟ್ಟ ಕಟ್ಟಿದವರು ಯಾರೋ!

ಒರಲೆಗೆ ಬೆಳಕೂ ಒಣಗಾಳಿಯೂ ಆಗದು. ಅದಕ್ಕಾಗಿಯೇ ಅದು ಗೋಡೆಯ ಮೇಲೆ ಮಣ್ಣಿನ ಸುರಂಗ ಕಟ್ಟಿಕೊಂಡು ಬರುವುದು. ವಾರಕ್ಕೊಮ್ಮೆ ಪೊರಕೆ ಹಿಡಿದು ಆ ಸುರಂಗವನ್ನು ಒಡೆಯುತ್ತಿದ್ದರೆ ಮುಕ್ಕಾಲುಪಾಲು ಕೆಲಸವಾಯಿತು. ಮರದ ಕಂಬವನ್ನು ನೆಲದಲ್ಲಿ ಹೂಳದೆ ಕಲ್ಲಿನ ಮೇಲೆ ನಿಲ್ಲಿಸುತ್ತಿದ್ದ ಹಿರಿಯರು ಕಾರಣವರಿತೇ ಮಾಡಿದರು. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಬಳಿದ ಮರವನ್ನು ಅದು ಬೇಗ ಮುಟ್ಟದು. ಬಳಿಯುವವರ ಕೈಗೆ ತಗಲಿದರೆ ಮಾತ್ರ ಬೊಬ್ಬೆಯೇಳುವುದು.

ಚಗಳಿಯ ಮೇಲೆ ಪತ್ರ ಬರೆದ ಸೋದರಿಯವರಿಗೆ ಏತಕ್ಕೋ ಬಹಳ ಕೋಪ. ಕಚ್ಚಿದರೆ ಉರಿಯುವುದು ನಿಜವೇ. ಆದರೆ ಎಲೆಗಳನ್ನು ಹೆಣೆದು ಗೂಡು ಮಾಡುವ ಈ ಕೆಂಪಿರುವೆ ಮರದ ಮೇಲಣ ಕಂಬಳಿಹುಳು ಮೊದಲಾದುವನ್ನು ಬೇಟೆಯಾಡುವುದು. ಚೀನದೇಶದವರು ನೂರಾರು ವರುಷಗಳ ಹಿಂದಿನಿಂದಲೂ ಇದರ ಗೂಡುಗಳನ್ನು ಕೊಂಡು ತಂದು ಕಿತ್ತಳೆಯ ತೋಟಗಳಲ್ಲಿ ಬಿಡುತ್ತಿದ್ದರು. ನಮ್ಮ ಮಲೆನಾಡಿನಲ್ಲಿ ಚಗಳಿಯ ಚಟ್ನಿಯ ರುಚಿ ಕಂಡವರಿಗೆ ಹೆಚ್ಚು ಹೇಳಬೇಕಾದುದಿಲ್ಲ. ಒಡಿಶಾದ ಮಯೂರಭಂಜದ ಇದೇ ಚಟ್ನಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ದಾರಿಗೆ ಅಡ್ಡವಾಗಿ ಬಾಗಿದ ಕೊಂಬೆಯೊಂದನ್ನು ಸವರಿ, ಉಳಿದುದನ್ನು ಅದರ ಪಾಡಿಗೆ ಬಿಡುವುದು ಲೇಸು.

ಕೊನೆಗೆ ಅಕ್ಕಿಯ ಹುಳು. ಹೆಣ್ಣುಹುಳು ಕಾಳನ್ನು ಕೊರೆದು, ಒಳಗೆ ಮೊಟ್ಟೆಯಿಟ್ಟು, ತೂತನ್ನು ಮುಚ್ಚಿಬಿಡುವುದು. ಕೇರಿ ಆರಿಸಿದ ಅಕ್ಕಿಯಲ್ಲಿಯೂ ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಹುಳು ಕಾಣುವುದು ಇದರಿಂದಲೇ. ಹೊಟ್ಟು ಬಿಡಿಸದ ಭತ್ತಕ್ಕೆ ಈ ಬಾಧೆ ಕಡಿಮೆ. ಆದುದರಿಂದ ವರುಷದ ಅಕ್ಕಿಯನ್ನು ಒಮ್ಮೆಗೇ ಗಿರಣಿಗೆ ಹಾಕಿಸದೆ, ಬೇಕಾದಂತೆ ಮಾಡಿಸಿಕೊಳ್ಳುವುದು ಮೇಲು. ಹಿಂದೆ ಅಡಿಗೆಮನೆಯ ಹೊಗೆ ಅಟ್ಟಕ್ಕೇರಿ ಅಲ್ಲಿದ್ದ ಬೀಜವನ್ನೂ ಮೂಡೆಯನ್ನೂ ಕಾಯುತ್ತಿತ್ತು. ಗ್ಯಾಸಿನ ಒಲೆ ಬಂದ ಮೇಲೆ ಆ ಕಾವಲು ಹೋಯಿತು. ಹೆಂಗಸರ ಕಣ್ಣನ್ನೂ ಎದೆಯನ್ನೂ ಕೆಡಿಸುತ್ತಿದ್ದ ಆ ಹೊಗೆಯನ್ನು ಮತ್ತೆ ಬರಮಾಡಿಕೊಳ್ಳಿರೆಂದು ನಾವು ಹೇಳಲಾರೆವು. ಅದಕ್ಕೆ ಬದಲಾಗಿ, ಬೀಜವನ್ನೂ ಬೇಳೆಗಳನ್ನೂ ಫಾಲ್ಗುಣದ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಆರಿದ ಮೇಲೆ ಬಿಗಿಯಾದ ಮುಚ್ಚಳದ ಡಬ್ಬಗಳಲ್ಲಿ ಕಂಠಮಟ್ಟ ತುಂಬಿಡಬೇಕು. ಬಿಸಿಯಾಗಿರುವಾಗಲೇ ಮುಚ್ಚಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುವುದು.

ಪತ್ರದಲ್ಲಿ ಕೇಳಿರುವ ಜಿರಲೆ ತಿಗಣೆಗಳ ವಿಚಾರವನ್ನು ಸ್ಥಳಾಭಾವದಿಂದ ಮುಂದಿನ ಸಂಚಿಕೆಗೆ ಇಟ್ಟುಕೊಂಡಿರುವೆವು.