ಮಳೆಯನ್ನು ದೂರುವುದು ಸಾಕು, ಲೆಕ್ಕ ಕೇಳೋಣ

ಕೊಟ್ಟಾರ ಚೌಕಿಯಲ್ಲಿ ನೀರು ನಿಂತ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಮಾತು: 'ಈ ಸಲ ಮಳೆ ಜಾಸ್ತಿ ಮಾರಾಯ್ರೆ!' ನಾನಿದನ್ನು ಒಪ್ಪುವುದಿಲ್ಲ. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಮಂಗಳೂರಿಗೆ ಮಳೆಯೇನು ಹೊಸ ನೆಂಟನೇ? 2018ರ ಮೇ 29ರಂದು ನಗರ ಮುಳುಗಿದಾಗಲೂ ಮಳೆಯನ್ನೇ ದೂರಿದೆವು.

ನೀರು ಎಲ್ಲಿ ಉಕ್ಕುತ್ತದೆಂದು ಮೊದಲೇ ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್‌ಗಳಿವೆ. ಅಮೆರಿಕದ ಪರಿಸರ ಇಲಾಖೆಯ ಎಸ್‌ಡಬ್ಲ್ಯುಎಂಎಂ 1971ರಿಂದಲೇ ಇದೆ, ಅದು ಉಚಿತವೂ ಹೌದು. ಊರನ್ನು ತುಂಡುತುಂಡಾಗಿ ವಿಂಗಡಿಸಿ, ಇಳಿಜಾರು, ಕಾಂಕ್ರೀಟಿನ ಪಾಲು, ಚರಂಡಿಯ ಅಗಲ, ಆಳ ಕೊಟ್ಟರೆ ಯಾವ ಮೋರಿ ಎಷ್ಟು ಹೊತ್ತಿಗೆ ತುಂಬುತ್ತದೆಂದು ಅದು ಹೇಳುತ್ತದೆ.

ಆದರೆ ಕಂಪ್ಯೂಟರ್ ತೋಡಿಗೆ ಇಳಿದು ನೋಡುವುದಿಲ್ಲ. ನಕ್ಷೆಯಲ್ಲಿ ಎರಡು ಮೀಟರ್ ಅಗಲ ಎಂದಿದ್ದರೆ ಅದನ್ನೇ ನಂಬುತ್ತದೆ. ಅರ್ಧ ಹೂಳು, ನಡುವೆ ಪೈಪು, ಪಕ್ಕದಲ್ಲಿ ಒತ್ತಿಕೊಂಡ ಕಾಂಪೌಂಡ್ ಗೋಡೆ ಅದಕ್ಕೆ ಕಾಣಿಸದು. ಬಣ್ಣಬಣ್ಣದ ವರದಿ ಬರುತ್ತದೆ, ಬಿಲ್ ಪಾಸಾಗುತ್ತದೆ, ಮನೆಯೊಳಗೆ ನೀರೂ ಬರುತ್ತದೆ.

ಮುಂಬೈಯಲ್ಲಿ ದುಡಿದ ನಮ್ಮವರಿಗೆ 2005ರ ಜುಲೈ 26 ಮರೆತಿರದು. ಅಲ್ಲಿನ ಹಳೆಯ ಚರಂಡಿಗಳ ಲೆಕ್ಕ ಗಂಟೆಗೆ 25 ಮಿ.ಮೀ. ಮಳೆಗೆ, ಅದೂ ಸಮುದ್ರ ಇಳಿತದಲ್ಲಿರುವಾಗ. ಅಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಸುರಿಯಿತು, ಜೊತೆಗೆ ಸಮುದ್ರದ ಉಬ್ಬರ. ನಮ್ಮ ತೋಡುಗಳೂ ನೇತ್ರಾವತಿ, ಫಲ್ಗುಣಿಗಳ ಮೂಲಕ ಅದೇ ಕಡಲಿಗೆ ಸೇರುತ್ತವೆ. ಉಬ್ಬರದ ಲೆಕ್ಕ ಹಿಡಿಯದ ಮಾಡೆಲ್ ನಮಗೆ ಏನು ಪ್ರಯೋಜನ?

ಹಾಗಾಗಿ ನಾನು ಕೇಳುವುದಿಷ್ಟೇ. ಯಾವ ಮಳೆ, ಯಾವ ಉಬ್ಬರ, ಯಾವ ವರ್ಷದ ಅಳತೆ ಹಿಡಿದು ಚರಂಡಿ ಕಟ್ಟುತ್ತೀರಿ ಎಂಬುದನ್ನು ವಾರ್ಡಿನಲ್ಲಿ ಕನ್ನಡದಲ್ಲಿ ಹಚ್ಚಿ. ನೀರು ಎಲ್ಲಿಯವರೆಗೆ ಬಂದಿತ್ತೆಂದು ಗೋಡೆಯ ಮೇಲೆ ಗುರುತು ತೋರಿಸಬಲ್ಲ ಉಮ್ಮಂದಿರು ಪ್ರತಿ ಬೀದಿಯಲ್ಲಿದ್ದಾರೆ, ಅವರನ್ನು ಕೇಳಿ ಲೆಕ್ಕ ತಿದ್ದಿ. ತಲಪಾಡಿ ಆಚೆಯ ಉಪ್ಪಳ, ಕಾಸರಗೋಡಿನವರೂ ಹೆದ್ದಾರಿಯ ಮೋರಿಗಳ ಬಗ್ಗೆ ಇದನ್ನೇ ಕೇಳಬೇಕು.

ಕೇಳುವ ಬಾಯಿ ಶುದ್ಧವಾಗಿರಬೇಕಲ್ಲ? ಅಂಗಳ ತುಂಬ ಇಂಟರ್‌ಲಾಕ್ ಹಾಸಿ, ತೋಡಿನ ಮೇಲೆ ಸ್ಲ್ಯಾಬ್ ಎಳೆದು ಅಂಗಡಿ ಇಟ್ಟವರಲ್ಲಿ ನಮ್ಮವರೂ ಇದ್ದಾರೆ. ಜಮಾಅತ್ ಕಮಿಟಿಗಳು, ಯುವಕರ ಸಂಘಗಳು ಮಳೆಗಾಲಕ್ಕೆ ಮುಂಚೆ ಟೇಪು ಹಿಡಿದು ತಮ್ಮ ಮೊಹಲ್ಲಾದ ತೋಡನ್ನು ಅಳೆಯಲಿ. ಆ ಅಳತೆಯನ್ನು ಪಾಲಿಕೆಯ ಮೇಜಿನ ಮೇಲಿಟ್ಟು ಮಾತಾಡೋಣ. ಆಗ 'ಮಳೆ ಜಾಸ್ತಿ' ಎಂಬ ನೆಪ ನಡೆಯುವುದಿಲ್ಲ.