ಶಿರಸಿ ಹಳಬರ ಗೊಣಗಾಟ

ವಜ್ರಳ್ಳಿ ಕಡೆಯ ಹುಡುಗರು ಯಲ್ಲಾಪುರ ದಾಟಿ ಶಿರಸಿಗೆ ಓದಲು ಹೋಗುವುದು ಹೊಸತೇನಲ್ಲ. 1985ರಲ್ಲಿ ಸುರುವಾದ ಅರಣ್ಯ ಕಾಲೇಜಿಗಂತೂ ದೂರದ ಜಿಲ್ಲೆಗಳಿಂದಲೂ ಬರುತ್ತಾರೆ. ಬಸ್ಸಿನಲ್ಲಿ ನಿಲ್ಲಲೂ ಜಾಗವಿಲ್ಲ, ರೂಮಿನ ಬಾಡಿಗೆ ಏರಿತು ಅಂತ ಪೇಟೆಯ ಹಳಬರ ಗೊಣಗಾಟ. ಸುಳ್ಳಲ್ಲ. ಬಾಡಿಗೆ ಏರಿಸಿದವರಲ್ಲಿ ಹಳಬರೂ ಇದ್ದಾರೆ ಅನ್ನೋದನ್ನು ಮಾತ್ರ ಯಾರೂ ಬಾಯಿಬಿಡುವುದಿಲ್ಲ!

ಆದರೆ ಊರಿನ ಸುಖ ಯಾರ ಪಾಲಿಗೆ ಹೆಚ್ಚು? ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಮೂರು ವರ್ಷದ ಡಿಗ್ರಿಗೆ ಬಂದವನಿಗೆ ಸಿಗುವುದು ಒಂದೇ ಜಾತ್ರೆ, ಹೆಚ್ಚೆಂದರೆ ಎರಡು. ಇಲ್ಲೇ ಬೇರೂರಿದವನಿಗೆ ಒಂದೂ ತಪ್ಪುವುದಿಲ್ಲ. ರಾತ್ರಿಯಿಡೀ ಯಕ್ಷಗಾನ ನೋಡಿದರೂ ಬೆಳಗ್ಗೆ ಪರೀಕ್ಷೆ ಅಂತ ಅವನು ಓಡಬೇಕಾಗಿಲ್ಲ. ಅಂಗಡಿ ಬಾಗಿಲು ಅರ್ಧ ಗಂಟೆ ತಡವಾಗಿ ತೆಗೆದರಾಯಿತು.

ರಜೆ ಬಂತೋ, ಬಸ್ಸಿನಲ್ಲಿ ಕಿಟಕಿ ಬದಿಯ ಸೀಟೇ ಸಿಗುತ್ತದೆ. ಹಳಬರಿಗೆ ಅದೂ ಒಂದು ಹಬ್ಬ. ಆದರೆ ಎಂಟು ದಿನ ಕಳೆಯುವುದರೊಳಗೆ ಗಲ್ಲಾಪೆಟ್ಟಿಗೆ ತಣ್ಣಗಾಗಿ, ಜೆರಾಕ್ಸ್ ಅಂಗಡಿಯವನೂ ಖಾನಾವಳಿಯವನೂ ರಸ್ತೆ ನೋಡತೊಡಗುತ್ತಾರೆ. ನಿನ್ನೆ ಮೊನ್ನೆ ಹುಡುಗರ ಗಲಾಟೆಗೆ ಬೈದವರೇ ಬಸ್ ಕಂಡಕ್ಟರನ್ನು ನಿಲ್ಲಿಸಿ ಕೇಳುತ್ತಾರೆ: ‘ಕಾಲೇಜು ಯಾವತ್ತು ಸುರುವಂತೆ ಮಾರಾಯಾ?’