ಮೂರನೇ ತಿಂಗಳಲ್ಲಿ ನುಂಗುವ ಮಾತ್ರೆ

ಮಳೆ ಹಿಡಿದ ಮೇಲೆ ಗುಡ್ನಾಪುರ ಕೆರೆಯ ಅಂಚಿನಲ್ಲಿ ಕಪ್ಪೆಯ ಮೊಟ್ಟೆಗಳು ಲೋಳೆಯೊಳಗೆ ತೇಲುವುದನ್ನು ನೀವು ನೋಡಿರಬಹುದು. ಆ ಕರಿಚುಕ್ಕೆಯೊಳಗೆ ನಡೆಯುವ ಒಂದು ಕೆಲಸ ತಾಯಿಯ ಗರ್ಭದಲ್ಲೂ ನಡೆಯುತ್ತದೆ. ಭ್ರೂಣದ ಬೆನ್ನ ಮೇಲಿನ ತೆಳು ಪದರವೊಂದು, ಬಿಸಿಲಿಗೆ ಅಡಿಕೆ ಹಾಳೆ ಸುರುಟಿದಂತೆ ಎರಡೂ ಅಂಚು ಕೂಡಿಸಿಕೊಂಡು ಕೊಳವೆಯಾಗುತ್ತದೆ. ಅದರ ಒಂದು ತುದಿ ಮಿದುಳು, ಉಳಿದದ್ದು ಬೆನ್ನುಹುರಿ.

ಆ ಪದರ ಚರ್ಮವಾಗದೆ ನರವಾಗುವುದು ಹೇಗೆ? ‘ಚರ್ಮವಾಗು’ ಎಂಬ ಸಂದೇಶವನ್ನು ಅಲ್ಲಿ ಒಂದು ಪ್ರೋಟೀನು ತಡೆಯುತ್ತದೆ. ಅದನ್ನು ತಯಾರಿಸುವ ವಂಶವಾಹಿ ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿಗೆ ಎಚ್ಚರಗೊಳ್ಳಬೇಕು. ಕಪ್ಪೆಯ ಈ ವಂಶವಾಹಿ ಹಣ್ಣಿನ ನೊಣದಲ್ಲೂ, ನೊಣದ್ದು ಕಪ್ಪೆಯಲ್ಲೂ ಕೆಲಸ ಮಾಡುತ್ತದೆಂದು 1995ರಲ್ಲಿ ತಿಳಿದುಬಂತು. ನೊಣದ ನರಹುರಿ ಹೊಟ್ಟೆಯ ಕಡೆಗಿದೆ, ನಮ್ಮದು ಬೆನ್ನಿಗೆ. ಏರ್ಪಾಡು ಮಾತ್ರ 50 ಕೋಟಿ ವರ್ಷಗಳಿಗೂ ಹಳೆಯದು.

ಈ ಕೆಲಸ ನಮ್ಮ ಅನುಕೂಲಕ್ಕೆ ಕಾಯುವುದಿಲ್ಲ. ಮನುಷ್ಯರಲ್ಲಿ ಗರ್ಭಧಾರಣೆಯಾದ 28 ದಿನಗಳೊಳಗೆ, ಅಂದರೆ ಮುಟ್ಟು ತಪ್ಪಿ ಎರಡು ವಾರವಾಗುವಷ್ಟರಲ್ಲಿ ಕೊಳವೆ ಮುಚ್ಚಿರಬೇಕು. ಮೇಲ್ತುದಿ ತೆರೆದೇ ಉಳಿದರೆ ಮಗು ಬದುಕುವುದಿಲ್ಲ. ಕೆಳಗೆ ತೆರೆದಿದ್ದರೆ ಕಾಲಿನ ಬಲ, ಮೂತ್ರದ ಹಿಡಿತ ಹೋಗಬಹುದು. ಇದಕ್ಕೆ ಗ್ರಹಣವನ್ನೋ ಸೊಸೆಯನ್ನೋ ದೂರುವ ಮನೆಗಳು ಇಂದಿಗೂ ಇವೆ!

ಫೋಲಿಕ್ ಆಮ್ಲ ಇದನ್ನು ಬಹುಮಟ್ಟಿಗೆ ತಪ್ಪಿಸುತ್ತದೆ. ಹಿಂದೆ ಇಂಥ ಮಗು ಹೆತ್ತಿದ್ದ ತಾಯಂದಿರಲ್ಲಿ ಅದು ಮರುಕಳಿಸುವುದನ್ನು ಈ ವಿಟಮಿನ್ ಶೇ. 72ರಷ್ಟು ತಗ್ಗಿಸಿತೆಂದು 1991ರ ಬ್ರಿಟಿಷ್ ಅಧ್ಯಯನ ತೋರಿಸಿತು. ಆದರೆ ನಮ್ಮಲ್ಲಿ ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿಯನ್ನೇ ಹೊರಗೆ ಬಿಡುವುದಿಲ್ಲ. ಆಮೇಲೆ ಬಂದು ಮಾತ್ರೆ ಬರೆಸಿಕೊಳ್ಳುತ್ತಾರೆ. ತಾಯಿಯ ರಕ್ತಕ್ಕೆ ಅದು ಒಳ್ಳೆಯದೇ, ಆದರೆ ಕೊಳವೆಯ ಮಟ್ಟಿಗೆ ಬಸ್ಸು ಹೊರಟುಹೋಗಿರುತ್ತದೆ.

ಮದುವೆ ಕಾಗದ ಹಂಚುವಾಗಲೇ ಈ ಮಾತ್ರೆಯ ಮಾತೂ ಆಗಬೇಕೆಂಬುದು ನನ್ನ ಅಭಿಪ್ರಾಯ. ಮಗು ಬೇಕೆನ್ನುವ ಹೆಣ್ಣುಮಕ್ಕಳು ಕನಿಷ್ಠ ಒಂದು ತಿಂಗಳು ಮೊದಲಿನಿಂದ ಮೂರು ತಿಂಗಳು ತುಂಬುವವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ತೆಗೆದುಕೊಳ್ಳಬೇಕು. ಬೆಲೆ ಅಲ್ಪ. ಬಸಳೆ, ಹರಿವೆ, ಕಾಳುಗಳಲ್ಲೂ ಇದು ಇದೆ, ಆದರೆ ಬೇಯಿಸಿದಾಗ ಬಹಳಷ್ಟು ಹೋಗುತ್ತದೆ. ಒಂದೆಲಗದ ತಂಬುಳಿಯನ್ನು ರುಚಿಗೆ ಧಾರಾಳವಾಗಿ ಉಣ್ಣಿ, ಮಾತ್ರೆಯ ಬದಲಿಗೆ ಬೇಡ.

ಹಿಂದೆ ಇಂಥ ಮಗು ಹುಟ್ಟಿದ್ದರೆ ಪ್ರಮಾಣ ಸುಮಾರು ಹತ್ತು ಪಟ್ಟು ಬೇಕು. ಅದನ್ನು ವೈದ್ಯರೇ ಬರೆಯಲಿ. ಮೂರ್ಛೆರೋಗಕ್ಕೆ ವಾಲ್ಪ್ರೋಯೇಟ್ ತೆಗೆದುಕೊಳ್ಳುವವರು ಬಸಿರಿಗೆ ಮೊದಲೇ ವೈದ್ಯರನ್ನು ಕಾಣಿರಿ. ಅದೂ ಈ ದೋಷಕ್ಕೆ ಕಾರಣವಾಗಬಲ್ಲದು. ಹಾಗೆಂದು ನೀವಾಗಿಯೇ ಗುಳಿಗೆ ನಿಲ್ಲಿಸಬೇಡಿ.